ಅರ್ಧ ಹಾಳೆಗೆ ಹಿಡಿಸದ ಸಾಲು

ಕೋರ್ಟಿಗೆ ಹೋದವರಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ಗಾದೆ. ಗಾದೆ ಕಟ್ಟಿದವನು ವರಾಂಡದಲ್ಲಿ ಕೂತು ಹೊಟ್ಟೆ ಹೊರೆಯುವವರನ್ನು ನೋಡಿರಲಿಲ್ಲ ಅಂತ ಕಾಣುತ್ತದೆ. ಅವರು ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ, ಹೊಸ್ತಿಲಿನ ಹಾಗೆ ಸವೆಯುತ್ತಾರೆ. ಟೈಪಕ್ಕ ಇಪ್ಪತ್ತೆರಡು ವರ್ಷದಿಂದ ಸವೆಯುತ್ತಿದ್ದಳು.

ವಾಹನದವರ ಕೇಸು ನಡೆಯುವ ಕೋಣೆಯ ಹೊರಗೆ, ಎರಡನೇ ಕಂಬಕ್ಕೂ ಮೂರನೇ ಕಂಬಕ್ಕೂ ನಡುವೆ ಅವಳ ಮೇಜು. ಮೊದಲು ಟೈಪ್‌ರೈಟರ್ ಇತ್ತು. ಆಮೇಲೆ ಕಂಪ್ಯೂಟರ್ ಬಂತು, ಪ್ರಿಂಟರ್ ಬಂತು, ಹೆಸರು ಮಾತ್ರ ಟೈಪಕ್ಕ ಅಂತಲೇ ಉಳಿಯಿತು. ಕರೆಂಟಿಗೆ ಲೈಬ್ರರಿಯ ಕಿಟಕಿಯಿಂದ ಒಂದು ವೈರು ಎಳೆದಿದ್ದಳು. ದಿನಕ್ಕೆ ಎರಡು ಸಲವಾದರೂ ಯಾವನಾದರೂ ವಕೀಲ ಅದನ್ನು ಎಡವುತ್ತಿದ್ದ, ಕಂಪ್ಯೂಟರ್ ಆರುತ್ತಿತ್ತು, ಅವಳು ತಲೆ ಎತ್ತದೆ "ಕಾಲು ಭೂಮಿ ಮೇಲಿರಲಿ ಸ್ವಾಮಿ" ಅನ್ನುತ್ತಿದ್ದಳು. ಕುರ್ಚಿಯ ಮೇಲೆ ಹಳೇ ಕಂಬಳಿ ನಾಲ್ಕು ಮಡಿಕೆ. ಹಿಂದಿನ ಗೋಡೆಯಲ್ಲಿ ವರಾಂಡದಲ್ಲಿ ಕೂರಲು ಕೋರ್ಟು ಕೊಟ್ಟ ಅನುಮತಿ ಪತ್ರ, ಗಾಜು ಹಾಕಿಸಿದ್ದು. ಗಂಡ ಇದ್ದ, ಹೋದ. ಸತ್ತು ಹೋದನೋ ಬಿಟ್ಟು ಹೋದನೋ ಅಂತ ಕೇಳಿದವರಿಗೆ "ಎರಡರಲ್ಲಿ ನಿಮಗೆ ಬೇಕಾದ್ದು ಬರಕೊಳ್ಳಿ" ಅನ್ನುತ್ತಿದ್ದಳು.

ದಿನವೂ ಬೆಳಿಗ್ಗೆ ನೂರು ನೂರಿಪ್ಪತ್ತು ಜನ ಡ್ರೈವರುಗಳು ನೋಟೀಸು ಹಿಡಿದು ಬರುತ್ತಿದ್ದರು. ಜಡ್ಜಿನ ಮುಂದೆ ಫೈಲು ಇಡುವ ಬೆಂಚ್ ಕ್ಲರ್ಕಿಗೆ ಊಟದ ಹೊತ್ತಿಗೆ ಆ ದಿನದ ಕೇಸಿನ ಪಟ್ಟಿ ಖಾಲಿಯಾಗಬೇಕು. ಅದಕ್ಕೆ ಆ ಕಟ್ಟಡದಲ್ಲಿ ಒಂದು ಪದ್ಧತಿ ಬೆಳೆದಿತ್ತು. ಯಾವ ಪುಸ್ತಕದಲ್ಲೂ ಬರೆದಿಲ್ಲದ, ಜವಾನನಿಂದ ಹಿಡಿದು ಹಿರಿಯ ವಕೀಲರವರೆಗೆ ಎಲ್ಲರೂ ಪಾಲಿಸುವ ಪದ್ಧತಿ: ಹೂಂ ಅಂದುಬಿಡು.

"ಅಕ್ಕ, ನಾನು ಬೆಲ್ಟ್ ಹಾಕಿದ್ದೆ" ಅಂತ ಯಾವನೋ ಶುರುಮಾಡುತ್ತಿದ್ದ.

"ಹಾಕಿದ್ರಾ, ಸಂತೋಷ. ಹೂಂ ಅಂತೀರೋ, ಉಹೂಂ ಅಂತೀರೋ?"

"ಉಹೂಂ ಅಂದ್ರೆ?"

"ಆರು ವಾಯಿದೆ. ಪೊಲೀಸಿನವನು ಐದು ಸಲ ಬರಲ್ಲ. ಆರನೇ ಸಲ ಬಂದು, ಇವನ ಮುಖ ಚೆನ್ನಾಗಿ ನೆನಪಿದೆ ಅಂತಾನೆ."

"ಹೂಂ ಅಂದ್ರೆ?"

"ಊಟಕ್ಕೆ ಮನೇಲಿರ್ತೀರಿ."

ಅವನು ಹೂಂ ಅನ್ನುತ್ತಿದ್ದ. ಅವಳು ಹಳದಿ ಹಾಳೆಯಲ್ಲಿ ಅವನ ಹೆಸರು, ಗಾಡಿಯ ನಂಬರು ತುಂಬಿ ಕೊಡುತ್ತಿದ್ದಳು. ಅದು ತಪ್ಪೊಪ್ಪಿಗೆಯ ಹಾಳೆ. ತಪ್ಪು ಮಾಡಿದ್ದೇನೆ, ವಿಚಾರಣೆ ಬೇಡ, ದಂಡ ಕಟ್ಟುತ್ತೇನೆ, ಕೆಳಗೆ ಸಹಿ. ಒಳಗೆ ಹೋಗಿ ಹೂಂ ಅಂದು ಹೊರಬರಲು ಒಬ್ಬೊಬ್ಬನಿಗೆ ಒಂದು ನಿಮಿಷ ಸಾಕಿತ್ತು. ಅದಕ್ಕಿಂತ ಹೆಚ್ಚು ಹೊತ್ತು ಮೂತ್ರ ಹೊಯ್ಯಲು ಬೇಕು.

ಆ ಹಾಳೆ ಅವಳದೇ ಕೈಕೆಲಸ. ಅವಳು ಹೊಸದಾಗಿ ಬಂದಾಗ ಕೋರ್ಟಿನ ನಮೂನೆ ಏಳು ಸಾಲಿನದು, ಒಂದು ಪೂರ್ತಿ ಹಾಳೆ ತಿನ್ನುತ್ತಿತ್ತು. ಹಾಳೆಗೆ ಬರ ಇದ್ದ ಕಾಲ. ಅಂಚು ಕಿರಿದು ಮಾಡಿ, ಸಾಲುಗಳನ್ನು ಒತ್ತೊತ್ತಾಗಿ ಹೊಡೆದು, ಒಂದೇ ಹಾಳೆಯಲ್ಲಿ ಎರಡು ನಮೂನೆ ಬರುವ ಹಾಗೆ ಮಾಡಿದಳು. ಏಳನೇ ಸಾಲು ಮಾತ್ರ ಅರ್ಧದಿಂದ ಕೆಳಗೆ ಜಾರುತ್ತಿತ್ತು. ಎರಡು ದಿನ ಹೆಣಗಿದಳು, ಹಿಡಿಸಲಿಲ್ಲ. ಮೂರನೇ ದಿನ ಅದನ್ನು ಬಿಟ್ಟಳು. ಓದಿಯೇ ಬಿಟ್ಟಿದ್ದಳು. ಕೋರ್ಟಿನ ಕಾಗದ ಅಂದಮೇಲೆ ಹೆದರಿಸುವ ಸಾಲು ಒಂದಾದರೂ ಇರುತ್ತದೆ, ಇದೂ ಅಂಥದೇ ಬಾಲಂಗೋಚಿ ಅಂದುಕೊಂಡಿದ್ದಳು. ಆಗಿನ್ನೂ ಮೀಸೆ ಕಪ್ಪಗಿದ್ದ ಬೆಂಚ್ ಕ್ಲರ್ಕು ಅರ್ಧ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಪುಟ್ಟದಾಗಿ ಚೆನ್ನಾಗಿದೆ, ಫೈಲೂ ದಪ್ಪ ಆಗಲ್ಲ" ಅಂದಿದ್ದ. ಆ ಕಟ್ಟಡದಲ್ಲಿ ಅವಳಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ಕೊನೆಯದೂ ಅದೇ.

ಅವಳಿಗೆ ಒಬ್ಬ ತಮ್ಮ. ತಾಯಿ ಹೋದಾಗ ಅವನಿಗೆ ಆರು ವರ್ಷ, ಇವಳಿಗೆ ಹದಿನೇಳು. ಮೂಗು ಒರೆಸಿದ್ದರಿಂದ ಹಿಡಿದು ಡ್ರೈವಿಂಗ್ ಕಲಿಯಲು ಕಳಿಸಿದ್ದರವರೆಗೆ ಎಲ್ಲ ಇವಳೇ. ಈಗ ಅವನು ದೊಡ್ಡಾಸ್ಪತ್ರೆಯ ಹೆಣದ ವ್ಯಾನ್ ಓಡಿಸುತ್ತಿದ್ದ. ಕೋರ್ಟಿನ ಜವಾನ ಅವನಿಗೆ ಕೊನೇ ಸ್ಟಾಪು ಅಂತ ಹೆಸರಿಟ್ಟಿದ್ದ. ಅವನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ಹದಿಮೂರು ವರ್ಷ ಆಯ್ತು, ನನ್ನ ಪ್ಯಾಸೆಂಜರ್ ಒಬ್ಬನೂ ದೂರು ಕೊಟ್ಟಿಲ್ಲ" ಅನ್ನುತ್ತಿದ್ದ.

ದೂರು ಕೊಟ್ಟದ್ದು ಬದುಕಿರುವವರು. ಇಪ್ಪತ್ತೆರಡು ತಿಂಗಳ ಹಿಂದೆ, ಹಿಂದಿನ ದೀಪ ಒಂದು ಉರಿಯುತ್ತಿಲ್ಲ ಅಂತ ಒಂದು ನೋಟೀಸು. ದೀಪ ಹಾಕಿಸಬೇಕಾದ್ದು ಆಸ್ಪತ್ರೆ, ಚೀಟಿ ಡ್ರೈವರ್ ಹೆಸರಿಗೆ. ಹೋದ ವರ್ಷ, ಕಿರಿದಾದ ಬೀದಿಯಲ್ಲಿ ಹೆಣ ಇಳಿಸಲು ನಿಲ್ಲಿಸಬಾರದ ಕಡೆ ಹತ್ತು ನಿಮಿಷ ನಿಲ್ಲಿಸಿದ ಅಂತ ಇನ್ನೊಂದು. ಎರಡಕ್ಕೂ ಅಕ್ಕ ಹಳದಿ ಹಾಳೆ ತುಂಬಿಕೊಟ್ಟಿದ್ದಳು, ತಮ್ಮ ಹೂಂ ಅಂದಿದ್ದ.

ಒಂದು ಶುಕ್ರವಾರ ಮಧ್ಯಾಹ್ನ ಮೂರನೇ ನೋಟೀಸು ಹಿಡಿದು ಬಂದ. ಸಿಗ್ನಲಿನಲ್ಲಿ ಕೆಂಪು ದೀಪ ದಾಟಿದ್ದಕ್ಕೆ. ವಾಯಿದೆ ಸೋಮವಾರ.

"ನೀನು ಯಾವತ್ತೂ ಕೆಂಪು ದಾಟೋನಲ್ಲವಲ್ಲೋ" ಅಂದಳು ಟೈಪಕ್ಕ.

"ವ್ಯಾನಿನ ತಂಪಿನ ಮೆಷಿನ್ನು ಕೆಟ್ಟಿತ್ತು. ಐಸ್ ಇಟ್ಟುಕೊಂಡು ಹೊರಟೆ. ಸತ್ತ ಹುಡುಗನ ತಾಯಿ ನನ್ನ ಪಕ್ಕ ಕೂತಿದ್ದಳು. ಬೇಗ ಹೋಗಪ್ಪ, ಅವನಿಗೆ ಸೆಕೆ ಆಗುತ್ತೆ, ಅವನಿಗೆ ಸೆಕೆ ತಡೆಯಲ್ಲ ಅಂತ ಒಂದೇ ಸಮನೆ ಹೇಳ್ತಿದ್ದಳು." ತಮ್ಮ ನೋಟೀಸನ್ನು ಮಡಚಿದ. "ದಾಟಿದೆ. ಸುಳ್ಳೇನಿಲ್ಲ. ತುಂಬಿಕೊಡು, ಸೋಮವಾರ ಬಂದು ಹೂಂ ಅಂದು ಹೋಗ್ತೀನಿ."

ಟೈಪಕ್ಕ ತುಂಬಿ ಡ್ರಾಯರಿನಲ್ಲಿಟ್ಟಳು.

ಮರುದಿನ ಶನಿವಾರ. ಕೋರ್ಟಿಗೆ ರಜೆ, ಅವಳಿಗೆ ಬಾಕಿ ಟೈಪು. ಹನ್ನೊಂದು ಗಂಟೆಗೆ ಜವಾನ ಮಹಡಿಯಿಂದ ಇಳಿದು ಬಂದ.

"ಅಕ್ಕ, ಮೇಲೆ ಲೈಸೆನ್ಸ್ ಬಗ್ಗೆ ಏನೋ ತರಬೇತಿ. ಅರವತ್ತು ಕುರ್ಚಿ ಹಾಕಿಸಿದ್ದಾರೆ, ಹದಿನಾಲ್ಕು ಜನ ಬಂದಿದ್ದಾರೆ. ಫೋಟೋ ತೆಗೆಯೋ ತನಕ ಬಂದು ಕೂತ್ಕೊಳ್ಳಿ."

"ನನ್ನನ್ನ ನೋಡಿದರೆ ವಕೀಲೆ ಥರ ಕಾಣ್ತೀನಾ?"

"ಹಿಂದಿನ ಸಾಲಲ್ಲಿ ಕೂತರೆ ಯಾರು ಹೇಗಾದರೂ ಕಾಣ್ತಾರೆ. ಟೀ ಇದೆ."

ಟೀ ಇದೆ ಅಂದಮೇಲೆ ಹೋದಳು. ಬೆನ್ನಿಗೂ ಬೇರೆ ಕುರ್ಚಿ ಬೇಕಿತ್ತು. ಉಚಿತ ಕಾನೂನು ನೆರವಿನ ಕಚೇರಿಯಿಂದ ಒಬ್ಬ ವಕೀಲೆ ಬಂದಿದ್ದಳು, ಮೂವತ್ತರ ಆಸುಪಾಸು, ಮೂಗು ಕಟ್ಟಿತ್ತು, ಗಂಟಲು ಒಡೆದಿತ್ತು. ಈ ತಿಂಗಳಲ್ಲಿ ಇದು ಒಂಬತ್ತನೇ ಊರು ಅಂದಳು. ಅವಳ ಮುಂದೆ ಕೂತ ಜೂನಿಯರ್ ವಕೀಲರಲ್ಲಿ ನಾಲ್ವರು ಮೊಬೈಲು ನೋಡುತ್ತಿದ್ದರು, ಒಬ್ಬ ಬಾಯಿ ತೆರೆದು ನಿದ್ದೆ ಹೋಗಿದ್ದ. ಫೋಟೋ ಆಯಿತು. ಅರ್ಧ ಜನ ಎದ್ದು ಹೋದರು. ಟೈಪಕ್ಕ ಏಳಲಿಲ್ಲ, ಟೀ ಇನ್ನೂ ಬಂದಿರಲಿಲ್ಲ.

"ನಿಮ್ಮ ಕೋರ್ಟಿನಲ್ಲಿ ಪ್ರತಿ ಹೂಂ ಅನ್ನೋದು ಲೈಸೆನ್ಸಿನ ದಾಖಲೆಗೆ ಹೋಗುತ್ತೆ" ಅಂದಳು ಪಾಠದ ವಕೀಲೆ. "ಎರಡು ವರ್ಷದ ಒಳಗೆ ಮೂರು ಹೂಂ ಆದರೆ ಒಂದು ವರ್ಷ ಲೈಸೆನ್ಸ್ ಅಮಾನತು. ಯಾರೂ ಕರೆದು ಕೇಳಲ್ಲ. ಕಂಪ್ಯೂಟರ್ ಎಣಿಸುತ್ತೆ, ಕಾಗದ ಹೊರಡುತ್ತೆ. ಕಾಗದ ಹೋಗೋದು ಲೈಸೆನ್ಸಿನಲ್ಲಿರೋ ಹಳೇ ಮನೆ ವಿಳಾಸಕ್ಕೆ. ಡ್ರೈವರಿಗೆ ಗೊತ್ತಾಗೋದು ಮುಂದಿನ ಸಲ ಪೊಲೀಸರು ತಡೆದಾಗ. ಅಮಾನತಾದಾಗ ಗಾಡಿ ಓಡಿಸಿದರೆ ಜೈಲು."

ಟೈಪಕ್ಕನಿಗೆ ಕೋಳಿ ಲಾರಿಯವನ ನೆನಪಾಯಿತು. ಮೂರು ಸಲ ಅವಳ ಮೇಜಿಗೆ ಬಂದಿದ್ದ, ಆಮೇಲೆ ಬರಲಿಲ್ಲ. ಹೀಗೆ ಬರುವುದು ನಿಲ್ಲಿಸಿದವರು ನೂರಾರು. ಅವರಿಗೆಲ್ಲ ಬುದ್ಧಿ ಬಂತು, ಈಗ ನೋಡಿಕೊಂಡು ಓಡಿಸುತ್ತಾರೆ ಅಂದುಕೊಂಡಿದ್ದಳು. ಕೋಳಿ ಲಾರಿಯವನನ್ನು ಒಮ್ಮೆ ಪೆಟ್ರೋಲ್ ಬಂಕಿನಲ್ಲಿ ಕಂಡಿದ್ದಳು, ಕಂಡವರ ಕಾರು ತೊಳೆಯುತ್ತಿದ್ದ. ಅವನು ಮುಖ ತಿರುಗಿಸಿದ್ದ. ಯಾಕೆ ಅಂತ ಅವಳಿಗೆ ಆಗ ಹೊಳೆದಿರಲಿಲ್ಲ. ಹೂಂ ಅಂದವರಿಗೆ ಆಮೇಲೆ ಏನಾಗುತ್ತದೆ ಅನ್ನುವುದು ಬೇರೆ ಕಟ್ಟಡದ ವಿಷಯ, ಆ ಕಟ್ಟಡಕ್ಕೆ ಅವಳು ಯಾವತ್ತೂ ಹೋಗಿರಲಿಲ್ಲ.

"ಅದಕ್ಕೇ ಕಾನೂನು ಒಂದು ಕಾವಲು ಇಟ್ಟಿದೆ" ಅಂತ ಪಾಠದ ವಕೀಲೆ ಗೋಡೆಯ ಮೇಲೆ ಕೋರ್ಟಿನ ಮೂಲ ನಮೂನೆ ತೋರಿಸಿದಳು. ಏಳು ಸಾಲು. ಏಳನೆಯದನ್ನು ಓದಿದಳು: "ಈ ತಪ್ಪೊಪ್ಪಿಗೆಯಿಂದ ನನ್ನ ಚಾಲನಾ ಪರವಾನಗಿ ಅಮಾನತಾಗಬಹುದು ಎಂಬುದನ್ನು ನನಗೆ ಓದಿ ಹೇಳಲಾಗಿದೆ."

ಟೀ ಬಂತು. ಟೈಪಕ್ಕ ಲೋಟ ಕೈಗೆ ತಗೊಂಡು ಕುಡಿಯದೆ ಕೂತಳು.

ಪಾಠ ಮುಗಿದು ಪ್ರಶ್ನೆ ಇದೆಯಾ ಅಂದಾಗ ಒಬ್ಬ ಜೂನಿಯರ್, ಹಾಜರಾತಿ ಸರ್ಟಿಫಿಕೇಟ್ ಯಾವಾಗ ಕೊಡ್ತೀರಿ ಅಂತ ಕೇಳಿದ. ಎಲ್ಲರೂ ಹೋದಮೇಲೆ ಟೈಪಕ್ಕ ವೈರು ಸುತ್ತುತ್ತಿದ್ದ ವಕೀಲೆಯ ಹತ್ತಿರ ಹೋದಳು.

"ಅಮ್ಮ, ಆ ಸಾಲು ಇಲ್ಲದ ಹಾಳೆಗೆ ಸಹಿ ಹಾಕಿದ್ದರೆ?"

"ಅದು ಒಪ್ಪಿಗೆಯೇ ಅಲ್ಲ. ರದ್ದು ಮಾಡಿ ಅಂತ ಕೇಳಬಹುದು. ಆದರೆ ಸಾಲು ಇರಲಿಲ್ಲ ಅಂತ ಯಾರಾದರೂ ಪ್ರಮಾಣ ಮಾಡಿ ಹೇಳಬೇಕಲ್ಲ. ಯಾರು ಹೇಳ್ತಾರೆ?" ವಕೀಲೆ ಮೂಗು ಒರೆಸಿಕೊಂಡಳು. "ನೀವು ಇಲ್ಲಿ ಏನು ಕೆಲಸ ಮಾಡ್ತೀರಿ?"

"ಕುರ್ಚಿ ತುಂಬಿಸೋ ಕೆಲಸ" ಅಂದಳು ಟೈಪಕ್ಕ.

ಭಾನುವಾರ ತಮ್ಮನ ಮನೆಗೆ ಹೋದಳು. ವ್ಯಾನು ಮನೆ ಮುಂದೆ ನಿಂತಿತ್ತು. ಎದುರುಮನೆಯವರು ಅದು ಕಾಣದ ಹಾಗೆ ಆ ಕಡೆಯ ಕಿಟಕಿಗೆ ದಪ್ಪ ಪರದೆ ಹಾಕಿಸಿದ್ದರು. ತಮ್ಮ ಬಕೆಟ್ಟು ಹಿಡಿದು ಚಕ್ರ ತೊಳೆಯುತ್ತಿದ್ದ, ಅವನ ಹೆಂಡತಿ ಬಾಗಿಲಲ್ಲಿ ಕೂತು ಬಟ್ಟೆ ಮಡಚುತ್ತಿದ್ದಳು. ಟೈಪಕ್ಕ ನಿಂತೇ ಎಲ್ಲ ಹೇಳಿದಳು. ಮೂರು ಹೂಂ, ಒಂದು ವರ್ಷ, ಏಳನೇ ಸಾಲು, ಅದನ್ನು ತೆಗೆದ ಕೈ ಯಾರದು ಅನ್ನುವುದೂ ಸೇರಿ. ಹೇಳುವಾಗ ತಮ್ಮನ ಮುಖ ನೋಡಲಿಲ್ಲ, ಬಕೆಟ್ಟು ನೋಡಿದಳು.

"ಒಂದು ವರ್ಷ ತಾನೆ" ಅಂದ ತಮ್ಮ.

"ಒಂದು ವರ್ಷ ತಾನಂತೆ" ಅಂದಳು ಹೆಂಡತಿ. "ಆಸ್ಪತ್ರೆಯವರು ಒಂದು ವರ್ಷ ಹೆಣ ಜೋಡಿಸಿಟ್ಟುಕೊಂಡು ನಿಮಗೆ ಕಾಯ್ತಾರಾ? ಲೈಸೆನ್ಸ್ ಇಲ್ಲ ಅಂದ ದಿನವೇ ಕೆಲಸ ಇಲ್ಲ ಅಂತ ಅವರು ಬರೆದೇ ಕೊಟ್ಟಿಲ್ವಾ?" ಆಮೇಲೆ ಟೈಪಕ್ಕನ ಕಡೆ ತಿರುಗಿದಳು. "ಅತ್ತಿಗೆ, ನಾನು ನೇರ ಕೇಳ್ತೀನಿ. ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಿದ್ದು ಸಾಲದು ಅಂತ ಒಡಹುಟ್ಟಿದವನನ್ನೂ ತಳ್ಳಿದ್ರಾ?"

"ಏ, ಸುಮ್ಮನಿರು" ಅಂದ ತಮ್ಮ.

"ಅವಳು ಹೇಳಲಿ ಬಿಡು" ಅಂದಳು ಟೈಪಕ್ಕ. "ಕೊಡಲಿ ಕಾವು ಕುಲಕ್ಕೆ ಮೂಲ ಅಂತಾರಲ್ಲ, ನಾನೇ ಆ ಕಾವು. ಈಗ ಮಾಡೋದೇನು ಅಂತ ನೋಡೋಣ. ಮೊದಲಿನ ಎರಡು ಹೂಂ ರದ್ದಾದರೆ ಇದು ಮೊದಲನೇದಾಗುತ್ತೆ. ನಾನು ಅಫಿಡವಿಟ್ ಹಾಕ್ತೀನಿ."

"ಹಾಕಿದರೆ ನಿನ್ನ ಮೇಜು?"

"ಮೇಜು ಮರದ್ದು. ಎಲ್ಲಿ ಹಾಕಿದರೂ ನಾಲ್ಕು ಕಾಲಲ್ಲೇ ನಿಲ್ಲುತ್ತೆ."

ತಮ್ಮನ ಹೆಂಡತಿ ಎದ್ದು ಒಳಗೆ ಹೋಗಿ ತಟ್ಟೆಗೆ ಊಟ ಹಾಕಿ ತಂದು ಟೈಪಕ್ಕನ ಮುಂದೆ ಇಟ್ಟಳು, ಸ್ವಲ್ಪ ಸದ್ದು ಮಾಡಿಯೇ ಇಟ್ಟಳು.

ಸೋಮವಾರ ಟೈಪಕ್ಕ ಎಂಟು ಗಂಟೆಗೇ ಬಂದು ತಮ್ಮನ ಅರ್ಜಿ, ಜೊತೆಗೆ ತನ್ನ ಅಫಿಡವಿಟ್ ಟೈಪು ಮಾಡಿದಳು. ಇಪ್ಪತ್ತೆರಡು ವರ್ಷ ಬೇರೆಯವರ ಬಾಯಿಯಲ್ಲಿ "ನಾನು" ಅಂತ ಬರೆದವಳು. ಮೊದಲ ಸಲ ತಾನೇ ಆ ನಾನು ಆದಾಗ ಮೂರು ಸಲ ಅಳಿಸಿದಳು. ಕೊನೆಗೆ ಇಷ್ಟು ಉಳಿಯಿತು: ನಮೂನೆಯ ಏಳನೇ ಸಾಲನ್ನು ನಾನೇ ಬಿಟ್ಟೆ. ಬಿಡು ಅಂತ ಯಾರೂ ಹೇಳಿರಲಿಲ್ಲ. ಹಾಳೆ ಉಳಿಯಲಿ ಅಂತ ಬಿಟ್ಟೆ.

ಒಂಬತ್ತೂವರೆಗೆ ಬೆಂಚ್ ಕ್ಲರ್ಕಿನ ಕೈಗೆ ಕೊಟ್ಟಳು. ಅವನು ಓದಿದ, ಬಾಗಿಲು ಮುಂದೆ ಮಾಡಿದ, ಮತ್ತೆ ಓದಿದ. ಅವನ ಮೀಸೆ ಈಗ ಪೂರ್ತಿ ಬೆಳ್ಳಗಾಗಿತ್ತು. ನಿವೃತ್ತಿಗೆ ಹದಿನಾಲ್ಕು ತಿಂಗಳು.

"ಅಮ್ಮ, ಆ ಹಾಳೆಗಳ ಮೇಲೆಲ್ಲ ನನ್ನ ಸಹಿ ಇದೆ."

"ಗೊತ್ತು ಸಾರ್."

"ಆರು ಸಾಲೋ ಏಳು ಸಾಲೋ ಅಂತ ನಾನು ಎಣಿಸಿದೋನಲ್ಲ."

"ಅದೂ ಗೊತ್ತು."

"ಹಾವೂ ಸಾಯಬಾರದು, ಕೋಲೂ ಮುರೀಬಾರದು. ಒಂದು ದಾರಿ ಹೇಳ್ತೀನಿ ಕೇಳಿ." ದನಿ ತಗ್ಗಿಸಿದ. "ನಿಮ್ಮ ತಮ್ಮನ ಮೊದಲನೇ ಹೂಂ ಇನ್ನೆರಡು ತಿಂಗಳಿಗೆ ಎರಡು ವರ್ಷದ್ದಾಗಿ ಬಿದ್ದುಹೋಗುತ್ತೆ. ಅಲ್ಲೀವರೆಗೆ ಇವತ್ತಿನ ಫೈಲು ನನ್ನ ಬೀರುವಿನಲ್ಲಿ ಮಲಗಲಿ. ಕೂಗಿಸೋದೇ ಇಲ್ಲ. ಲೈಸೆನ್ಸೂ ಉಳೀತು, ನಿಮ್ಮ ಮೇಜೂ ಉಳೀತು, ನನ್ನ ಪಿಂಚಣಿಯೂ ಉಳೀತು. ಈ ಕಾಗದ ಹರಿದು ಹಾಕೋಣ."

ಕೆಟ್ಟ ಮನುಷ್ಯ ಹೇಳಿದ ಮಾತಲ್ಲ ಅದು. ಅವಳ ತಾಯಿ ತೀರಿದ್ದ ದಿನ ಬಂದರೆ ಮಧ್ಯಾಹ್ನ ಬೇಗ ಮನೆಗೆ ಕಳಿಸುತ್ತಿದ್ದವನು, ಅವಳ ವೈರಿನ ಬಗ್ಗೆ ಲೈಬ್ರರಿಯವರು ತಕರಾರು ತೆಗೆದಾಗ ಬಾಯಿ ಮುಚ್ಚಿಸಿದವನು. ಆ ಕಟ್ಟಡದಲ್ಲಿ ಒಬ್ಬರಿಗೊಬ್ಬರು ಮಾಡುವ ಉಪಕಾರವೆಲ್ಲ ಹೀಗೇ, ಬೀರುವಿನಲ್ಲಿ ಏನನ್ನಾದರೂ ಮಲಗಿಸುವುದು.

ಟೈಪಕ್ಕನಿಗೆ ಆ ಕ್ಷಣ ಹೂಂ ಅನ್ನಬೇಕೆನಿಸಿತು. ಬೆನ್ನು ನೋಯುತ್ತಿತ್ತು. ಭಾನುವಾರ ರಾತ್ರಿ ನಿದ್ದೆ ಬಂದಿರಲಿಲ್ಲ. ಹೂಂ ಅಂದರೆ ಎಲ್ಲ ಮುಗಿಯುತ್ತಿತ್ತು. ಇಪ್ಪತ್ತೆರಡು ವರ್ಷ ತನ್ನ ಮೇಜಿನ ಮುಂದೆ ನಿಂತವರಿಗೆಲ್ಲ ಹೀಗೇ ಅನ್ನಿಸಿರಬೇಕು.

"ತಮ್ಮನನ್ನ ಕೇಳ್ತೀನಿ, ಲೈಸೆನ್ಸ್ ಅವನದು" ಅಂದಳು.

ತಮ್ಮ ಕಂಬಕ್ಕೆ ಒರಗಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅವಳು ಹೇಳಿದ್ದನ್ನು ಕೇಳಿ ತಲೆ ಎತ್ತಿ ವರಾಂಡ ನೋಡಿದ. ಸುತ್ತ ನೂರು ಜನ ಡ್ರೈವರುಗಳು, ಕೈಯಲ್ಲಿ ನೋಟೀಸು, ಅರ್ಧ ಜನ ಆಗಲೇ ಅವಳ ಖಾಲಿ ಕುರ್ಚಿಯ ಮುಂದೆ ಸಾಲು ನಿಂತಿದ್ದರು.

"ಬೀರುವಿನಲ್ಲಿ ಮಲಗಿಸಿದ್ದು ಒಂದಲ್ಲ ಒಂದು ದಿನ ವಾಸನೆ ಬರುತ್ತೆ ಅಕ್ಕ" ಅಂದ. "ಅದೇ ನನ್ನ ಕಸುಬು, ನನಗೆ ಗೊತ್ತು. ಒಳಗೆ ಕೊಡು."

"ಜಡ್ಜಮ್ಮ ಒಪ್ಪದಿದ್ದರೆ ಎರಡೂ ಹೋಯ್ತು. ನಿಂದೂ, ನಂದೂ."

"ಹೋಗಲಿ. ಆಗ ಇಬ್ಬರೂ ಸೇರಿ ಕಾರು ತೊಳೆಯೋಣ."

ಹನ್ನೊಂದೂಕಾಲಿಗೆ ಜವಾನ ಕೂಗಿದ. ನ್ಯಾಯಾಧೀಶೆ ಈ ಕೋರ್ಟಿಗೆ ಬಂದು ಎಂಟು ತಿಂಗಳಾಗಿತ್ತು. ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಪಟ್ಟಿ ನೋಡುವ ಅಭ್ಯಾಸ. ಮುಖ ಎತ್ತದೆ ಕೇಳಿದರು, "ಕೆಂಪು ದೀಪ. ಒಪ್ಕೋತೀರಾ?"

"ಇದನ್ನ ಒಪ್ಕೋತೀನಿ ಮೇಡಂ, ದಾಟಿದ್ದು ನಿಜ" ಅಂದ ತಮ್ಮ. "ಹಿಂದಿನ ಎರಡನ್ನ ಏನಾಗುತ್ತೆ ಅಂತ ಗೊತ್ತಿಲ್ಲದೆ ಒಪ್ಕೊಂಡಿದ್ದೆ. ಅದಕ್ಕೆ ಅರ್ಜಿ ಕೊಟ್ಟಿದ್ದೀನಿ."

ಕನ್ನಡಕ ಕೆಳಗಿಳಿಯಿತು. ಅಫಿಡವಿಟ್ ಓದಿದರು. ಹಿಂದಿನ ಎರಡು ಫೈಲು ತರಿಸಿದರು, ಹಳದಿ ಹಾಳೆಗಳನ್ನು ತೆಗೆದು ಮೂಲ ನಮೂನೆಯ ಪಕ್ಕ ಇಟ್ಟು ಬೆರಳಿನಿಂದ ಸಾಲು ಎಣಿಸಿದರು.

"ಇದನ್ನು ತಯಾರು ಮಾಡಿದವರು ಯಾರು?"

ಟೈಪಕ್ಕ ಎದ್ದು ನಿಂತಳು. ಕಟಕಟೆ ಹತ್ತಬೇಕೋ ಬೇಡವೋ ಗೊತ್ತಾಗದೆ ಅದರ ಪಕ್ಕ ನಿಂತಳು. ಇಷ್ಟು ವರ್ಷ ಆ ಬಾಗಿಲ ಹೊರಗಿದ್ದವಳು ಒಳಗೆ ಹೇಗಿದೆ ಅಂತ ಸರಿಯಾಗಿ ನೋಡಿದ್ದು ಅವತ್ತೇ. ಹೊರಗಿನಿಂದ ಅಂದುಕೊಂಡದ್ದಕ್ಕಿಂತ ಚಿಕ್ಕ ಕೋಣೆ.

"ಇಂಥ ಹಾಳೆ ಎಷ್ಟು ಟೈಪ್ ಮಾಡಿದ್ದೀರಿ?"

"ದಿನಕ್ಕೆ ನಲವತ್ತು ಐವತ್ತು ಮೇಡಂ. ಇಪ್ಪತ್ತೆರಡು ವರ್ಷ. ಆಮೇಲೆ ಬೇರೆ ಟೈಪಿಸ್ಟುಗಳೂ ಇದನ್ನೇ ನೋಡಿ ಮಾಡಿಕೊಂಡರು."

ಬೆಂಚ್ ಕ್ಲರ್ಕು ಗೋಡೆ ನೋಡುತ್ತಿದ್ದ. ನ್ಯಾಯಾಧೀಶೆ ಅವನ ಕಡೆ ತಿರುಗಿದರು, ಏನೋ ಕೇಳಲು ಬಾಯಿ ತೆರೆದರು, ಕೇಳಲಿಲ್ಲ. ಅವರ ತಲೆಯೊಳಗೆ ಆ ಇಪ್ಪತ್ತೆರಡು ವರ್ಷದ ಫೈಲುಗಳೆಲ್ಲ ಬಾಗಿಲು ತಳ್ಳಿಕೊಂಡು ಒಳಬಂದದ್ದು ಮುಖದಲ್ಲೇ ಕಾಣಿಸಿತು. ಆ ಬಾಗಿಲನ್ನು ಅವರು ಹೇಗೆ ಮುಚ್ಚಿದರು ಅನ್ನುವುದೂ ಕಾಣಿಸಿತು. ಪೆನ್ನು ತೆಗೆದು ನಿಧಾನಕ್ಕೆ, ಒಂದೊಂದೇ ಪದ ಹೇಳುತ್ತ ಬರೆದರು. ಹಿಂದಿನ ಎರಡು ತಪ್ಪೊಪ್ಪಿಗೆ ರದ್ದು, ಆ ಎರಡು ಕೇಸಿಗೆ ಹೊಸದಾಗಿ ವಿಚಾರಣೆ. ಇಂದಿನದು ಮೊದಲನೆಯದು ಅಂತ ಲೆಕ್ಕ, ದಂಡ ಮಾತ್ರ. ಈ ಆದೇಶ ಈ ಅರ್ಜಿದಾರನಿಗೆ ಮಾತ್ರ ಅನ್ವಯ.

"ಮಾತ್ರ" ಅನ್ನುವುದನ್ನು ಎರಡು ಸಲ ಹೇಳಿದರು.

ಆಮೇಲೆ ಇನ್ನೂ ಮೂರು ಸಾಲು ಬರೆದರು. ಕೋರ್ಟಿನ ನಮೂನೆಯನ್ನು ಸ್ವಂತ ಬುದ್ಧಿಯಿಂದ ತಿದ್ದಿದ ಕಾರಣ ಟೈಪಿಸ್ಟಿನ ವರಾಂಡದ ಅನುಮತಿ ಆರು ತಿಂಗಳು ಅಮಾನತು. ಇನ್ನು ಮೇಲೆ ಏಳೂ ಸಾಲು ಇರುವ ನಮೂನೆಯನ್ನೇ ಬಳಸತಕ್ಕದ್ದು. ಬೆಂಚ್ ಕ್ಲರ್ಕಿನ ಹೆಸರು ಎಲ್ಲೂ ಬರಲಿಲ್ಲ. ಜವಾನ ಮುಂದಿನ ಹೆಸರು ಕೂಗಿದ. ಎಲ್ಲ ಸೇರಿ ಹನ್ನೊಂದು ನಿಮಿಷ ಹಿಡಿದಿತ್ತು. ಪಟ್ಟಿ ತಡವಾಯಿತು ಅಂತ ಹಿಂದೆ ನಿಂತ ವಕೀಲರೊಬ್ಬರು ಗೊಣಗಿದರು.

ಇಬ್ಬರೂ ಹೊರಗೆ ಬಂದರು. ತಮ್ಮ ಗೋಡೆಯಿಂದ ಅನುಮತಿ ಪತ್ರ ಇಳಿಸಿ, ಗಾಜಿನ ಧೂಳನ್ನು ತೋಳಿನಿಂದ ಒರೆಸಿ ಅವಳ ಕೈಗೆ ಕೊಟ್ಟ. ವೈರು ಸುತ್ತಿದ. ಮೇಜು, ಕುರ್ಚಿ, ಕಂಪ್ಯೂಟರು, ಕಂಬಳಿ ಎಲ್ಲವನ್ನೂ ಹೊತ್ತು ವ್ಯಾನಿನ ಹಿಂದೆ, ಹೆಣ ಮಲಗಿಸುವ ಜಾಗದಲ್ಲಿ ಮಲಗಿಸಿದ. ಜವಾನ ಒಂದು ಕಡೆ ಕೈ ಹಾಕಿದ.

"ಅಕ್ಕ, ಈ ವ್ಯಾನಿನಲ್ಲಿ ಮುಂದುಗಡೆ ಕೂತು ಹೋಗೋದೇ ಒಂದು ಪುಣ್ಯ" ಅಂದ ಜವಾನ.

"ನಿನ್ನ ಸರದಿ ಬರುತ್ತೆ, ಹಿಂದೆ ಜಾಗ ಹಿಡಿದಿರು" ಅಂದಳು.

ದಾರಿಯಲ್ಲಿ ಸಿಗ್ನಲ್ ಬಂತು. ಹಳದಿ ಇನ್ನೂ ಉರಿಯುತ್ತಿರುವಾಗಲೇ ತಮ್ಮ ನಿಲ್ಲಿಸಿದ. ಹಿಂದಿನವರೆಲ್ಲ ಹಾರನ್ ಬಡಿದರು. ಟೈಪಕ್ಕ ಆಗಲೇ ನಿದ್ದೆ ಹೋಗಿದ್ದಳು.

ದೀಪದ ಕೇಸಿಗೂ ನಿಲ್ಲಿಸಬಾರದ ಕಡೆ ನಿಲ್ಲಿಸಿದ ಕೇಸಿಗೂ ಆಮೇಲೆ ವಾಯಿದೆ ಮೇಲೆ ವಾಯಿದೆ ಬಿತ್ತು. ಪೊಲೀಸಿನವನು ಬರಲಿಲ್ಲ. ತಮ್ಮ ಪ್ರತಿ ಸಲ ಅರ್ಧ ದಿನ ರಜೆ ಹಾಕಿ ಬಂದು, ಕೂಗಿದಾಗ ಉಹೂಂ ಅಂದು, ಇನ್ನೊಂದು ತಾರೀಕು ಬರೆಸಿಕೊಂಡು ಹೋದ. ಅವನಿಗಿಂತ ಅವನ ಹೆಂಡತಿಗೆ ಸುಸ್ತಾಯಿತು. ವ್ಯಾನು ಮಾತ್ರ ಓಡುತ್ತಿತ್ತು.

ಟೈಪಕ್ಕ ಮೂರು ವಾರ ಮನೆಯಲ್ಲಿ ಕೂತಳು. ಕೂರಲು ಬರಲಿಲ್ಲ. ನಾಲ್ಕನೇ ವಾರ ತಮ್ಮನ ವಾಯಿದೆಗೆ ಅಂತ ಕೋರ್ಟಿಗೆ ಹೋದಾಗ ಅವಳ ಜಾಗದಲ್ಲಿ ಜೆರಾಕ್ಸಿನವನು ಕೂತಿದ್ದ. ಆದೇಶದ ಪ್ರಕಾರ ಏಳೂ ಸಾಲು ಹಾಕಿದ್ದ. ಹಾಳೆ ಮಾತ್ರ ಅದೇ ಹಳದಿ ಅರ್ಧ. ಕೋರ್ಟಿನ ನಮೂನೆಯನ್ನು ಹಾಗೇ ಇರುವೆ ಗಾತ್ರಕ್ಕೆ ಕುಗ್ಗಿಸಿ ಹಿಡಿಸಿದ್ದ. ಭೂತಗನ್ನಡಿ ಇದ್ದವನಿಗೆ ಓದಲು ಅಡ್ಡಿಯಿಲ್ಲ.

"ಹೇಗೆ ಹಿಡಿಸಿದೆ?" ಅಂತ ಕೇಳಿದಳು. ನಿಜವಾಗಿಯೂ ತಿಳಿಯಬೇಕಿತ್ತು, ತಾನು ಎರಡು ದಿನ ಹೆಣಗಿದ್ದ ಕೆಲಸ.

"ಮೆಷಿನ್ನಿನಲ್ಲಿ ಒಂದು ಬಟನ್ ಒತ್ತಿದರೆ ಆಯ್ತು ಅಕ್ಕ" ಅಂದ ಅವನು. "ಬೆಂಚ್ ಕ್ಲರ್ಕ್ ಸಾಹೇಬರು ಪುಟ್ಟದಾಗಿ ಚೆನ್ನಾಗಿದೆ ಅಂದರು."

ಅವಳು ವರಾಂಡದಿಂದ ಇಳಿದಳು. ಮೆಟ್ಟಿಲು ವರಾಂಡಕ್ಕೆ ಸೇರುತ್ತದೋ ಇಲ್ಲವೋ ಅಂತ ಆದೇಶದಲ್ಲಿ ಬರೆದಿರಲಿಲ್ಲ. ಕೆಳಗಿನಿಂದ ಮೂರನೇ ಮೆಟ್ಟಿಲ ಮೇಲೆ, ಗೋಡೆಯ ನೆರಳು ಬೀಳುವ ಕಡೆ ಕೂತಳು. ಮರುದಿನವೂ ಬಂದು, ಕಂಬಳಿ ಮಡಚಿ ಹಾಕಿಕೊಂಡು ಕೂತಳು. ಟೈಪಿಲ್ಲ, ಏನಿಲ್ಲ. ಬಂದವರಿಗೆ ಅಭ್ಯಾಸ, ಅವಳನ್ನೇ ಕೇಳುತ್ತಿದ್ದರು.

ಒಬ್ಬ ಬಂದ. ಸಿಮೆಂಟ್ ಲಾರಿಯವನಿರಬೇಕು, ರೆಪ್ಪೆಯ ಮೇಲೂ ಬೂದಿಬಣ್ಣ. ಕೈಯಲ್ಲಿ ಹಳದಿ ಅರ್ಧ ಹಾಳೆ.

"ಟೈಪಕ್ಕ ಅಂದರೆ ನೀವೇ ತಾನೆ? ಹೂಂ ಅಂದುಬಿಡಲಾ?"

"ಎರಡು ವರ್ಷದಲ್ಲಿ ಇದು ಎಷ್ಟನೇದು?"

"ಯಾಕೆ?"

"ಕೂತ್ಕೊಳ್ಳಪ್ಪ" ಅಂದಳು ಟೈಪಕ್ಕ, ಕಂಬಳಿಯನ್ನು ಸ್ವಲ್ಪ ಸರಿಸಿ. "ಊಟಕ್ಕೆ ಮನೆಗೆ ಹೋಗೋಕೆ ಆಗಲ್ಲ. ಎಷ್ಟನೇದು, ಅದನ್ನ ಹೇಳು ಮೊದಲು."